ಯಾರದೋ ನಾಯಿಯ ಸ್ಟಿಕ್ಕರ್

ಬುಟ್ಟಿಯ ಮೇಲೆ ಹೊದಿಸಿದ್ದ ಚೂಡಿದಾರದ ಶಾಲನ್ನು ಸರಿಸಿದಾಗ ಮರಿ ತಲೆ ಎತ್ತಲಿಲ್ಲ. ರಾಫಿಯಾ ಮೊದಲು ಗಮನಿಸಿದ್ದು ಅದನ್ನೇ. ಹೊಸ ಜಾಗಕ್ಕೆ ಬಂದ ನಾಯಿಮರಿ ಎಷ್ಟೇ ಹೆದರಿದ್ದರೂ ಮೂಗನ್ನಾದರೂ ಆಡಿಸುತ್ತದೆ. ಇದು ಗಲ್ಲವನ್ನು ಬುಟ್ಟಿಯ ಅಂಚಿಗೆ ಒತ್ತಿ, ಕಣ್ಣು ಅರ್ಧ ಮುಚ್ಚಿ, ಸುಮ್ಮನೆ ಬಿದ್ದುಕೊಂಡಿತ್ತು.

“ಹೆಸರು?” ಎಂದು ಕೇಳಿದಳು, ಪೆನ್ನಿನ ಮುಚ್ಚಳ ತೆಗೆಯುತ್ತ.

“ನಂದು ತೃಷಾ. ಇದರದ್ದು ಬೆಲ್ಲ,” ಎಂದಳು ಶಾಲೆಯ ಯೂನಿಫಾರ್ಮಿನಲ್ಲೇ ಬಂದಿದ್ದ ಹುಡುಗಿ. “ಬಣ್ಣ ಬೆಲ್ಲದ್ದೇ ಅಲ್ವಾ? ಅಮ್ಮ ಟಾಮಿ ಅಂತ ಇಡುವ ಅಂದ್ರು. ನಾನು ಬಿಡ್ಲಿಲ್ಲ.”

“ಹೆಸರಿಡ್ಲಿಕ್ಕೆ ನೀನು, ವಾಂತಿ ಒರೆಸ್ಲಿಕ್ಕೆ ನಾನು,” ಎಂದರು ತಾಯಿ ಲೋಲಾಕ್ಷಿ. ನಗಲು ನೋಡಿದರು. ಬುಟ್ಟಿಯ ಹಿಡಿ ಬಿಗಿದಿದ್ದ ಕೈ ಮಾತ್ರ ಸಡಿಲವಾಗಲಿಲ್ಲ.

ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಡಾಕ್ಟರ್ ಪ್ರಾಪ್ತಿ ನಡೆಸುವ ನಾಯಿ-ಬೆಕ್ಕುಗಳ ಆಸ್ಪತ್ರೆ ಅದು. ಎರಡು ಕೋಣೆ, ಒಂದು ಫ್ರಿಜ್ಜು, ಹಿಂದುಗಡೆ ಒಂದು ನಲ್ಲಿ. ರಾಫಿಯಾ ಫರಂಗಿಪೇಟೆಯಿಂದ ದಿನವೂ ಬಂದು ಹೋಗಿ ಕೆಲಸ ಮಾಡಲು ತೊಡಗಿ ಆರು ವರ್ಷವಾಗಿತ್ತು. ಬಿ.ಕಾಂ. ಓದಿದ ಬ್ಯಾರಿ ಮುಸ್ಲಿಮರ ಹೆಣ್ಣುಮಗಳು ನಾಯಿ ಹಿಡಿಯುವ ಕೆಲಸಕ್ಕೆ ಹೋಗುವುದುಂಟೇ ಎಂದು ಕೇಳಿದವರೆಲ್ಲ ಈಗ ಕೇಳಿ ಸಾಕಾಗಿ ಸುಮ್ಮನಾಗಿದ್ದರು.

“ಯಾವಾಗ ತಂದದ್ದು ಮರಿ?”

“ಗುರುವಾರ. ಇವತ್ತಿಗೆ ನಾಲ್ಕು ದಿನ.”

“ಎಲ್ಲಿಂದ?”

“ಉಜಿರೆ ಹತ್ತಿರದಿಂದ. ಬಸ್ಸಿನಲ್ಲಿ ಕಳಿಸಿದ್ರು, ಕಂಡಕ್ಟರ್ ಕೈಯಲ್ಲಿ. ರಟ್ಟಿನ ಪೆಟ್ಟಿಗೆಗೆ ಚಂದ ಮಾಡಿ ತೂತು ಕೊರೆದಿದ್ರು. ನಾನು ಇಲ್ಲೇ ಬಿ.ಸಿ.ರೋಡಿನಲ್ಲಿ ಇಳಿಸಿಕೊಂಡು ಸಿದ್ಧಕಟ್ಟೆಗೆ ತಗೊಂಡು ಹೋದೆ.”

“ಹೋಗಿ ನೋಡ್ಲಿಲ್ವಾ ಅಕ್ಕ? ಅದರ ತಾಯಿಯನ್ನು?”

“ತಾಯಿಯನ್ನು ಎಂತಕ್ಕೆ ನೋಡುವುದು? ಮರಿಯ ಫೋಟೋ ವಾಟ್ಸಾಪಿನಲ್ಲಿ ಬಂದಿತ್ತಲ್ಲ. ಫ್ಯಾಕ್ಟರಿಗೆ ರಜೆ ಹಾಕಿ ಉಜಿರೆಗೆ ಹೋಗಿ ಬರ್ಲಿಕ್ಕೆ ಒಂದು ದಿನ ಬೇಕು.”

ಲೋಲಾಕ್ಷಿ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು. ಅವರ ಉತ್ತರ ರಾಫಿಯಾಳಿಗೆ ವಿಚಿತ್ರವೆನಿಸಲಿಲ್ಲ. ಈ ಊರುಗಳಲ್ಲಿ ಬಸ್ಸಿನಲ್ಲಿ ಬಾರದ ವಸ್ತು ಯಾವುದು? ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಬರುತ್ತದೆ, ಮರೆತ ಹಾಲ್ ಟಿಕೆಟ್ ಬರುತ್ತದೆ, ಮಂಗಳೂರಿನಲ್ಲಿ ಮಾತ್ರ ಸಿಗುವ ಮಾತ್ರೆ ಬರುತ್ತದೆ. ಕಂಡಕ್ಟರಿಗೆ ಹೆಸರು ಹೇಳಿ, ಇಳಿಸಿಕೊಳ್ಳುವವರಿಗೆ ಫೋನು ಮಾಡಿದರೆ ಆಯಿತು. ಹಾಗೆ ಬಂದದ್ದರಲ್ಲಿ ಮೋಸ ಇರಬಹುದು ಎಂದು ಯಾರಿಗೂ ತೋಚುವುದಿಲ್ಲ.

ಡಾಕ್ಟರ್ ಪ್ರಾಪ್ತಿ ಮರಿಯ ಹೊಟ್ಟೆ ಮುಟ್ಟಿ ನೋಡಿದರು, ಜ್ವರ ನೋಡಿದರು. ನಿನ್ನೆ ಸಂಜೆಯಿಂದ ನಾಲ್ಕು ಸಲ ವಾಂತಿ. ಬೆಳಿಗ್ಗೆ ಸಡಿಲ ಹೊಟ್ಟೆ, ಅದರಲ್ಲಿ ಕೆಂಪು ನೂಲಿನ ಎಳೆಯಂತೆ ರಕ್ತ. ಡಾಕ್ಟರ ಮುಖ ಗಂಭೀರವಾಯಿತು.

“ಇಂಜೆಕ್ಷನ್ ಪುಸ್ತಕ ಉಂಟಾ?”

ಲೋಲಾಕ್ಷಿ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಪುಸ್ತಕವನ್ನು ತೆಗೆದರು. ರೇಶನ್ ಕಾರ್ಡಿನಷ್ಟು ಜೋಪಾನವಾಗಿ ಇಟ್ಟಿದ್ದರು. ಹುಟ್ಟಿ ಎರಡು ತಿಂಗಳು ದಾಟಿದೆ ಎಂದು ಬರೆದಿತ್ತು. ಲಸಿಕೆಯ ಪುಟದಲ್ಲಿ ಎರಡು ಸ್ಟಿಕ್ಕರ್, ಎರಡು ತಾರೀಕು. ಎರಡನೆಯದು ಆರು ದಿನ ಹಿಂದಿನದು.

“ಎರಡು ಡೋಸ್ ಆಗಿದೆಯಲ್ಲ. ಹಾಗಾದ್ರೆ ಪಾರ್ವೊ ಆಗಿರ್ಲಿಕ್ಕಿಲ್ಲ,” ಎಂದರು ಡಾಕ್ಟರು. ಪಾರ್ವೊ ಎಂದರೆ ಮರಿಗಳ ಕರುಳನ್ನೇ ಕರಗಿಸಿಬಿಡುವ ಕಾಯಿಲೆ, ಆ ಕೋಣೆಯಲ್ಲಿ ಎಲ್ಲರೂ ಹೆದರುತ್ತಿದ್ದ ಹೆಸರು. “ಟೆಸ್ಟ್ ಮಾಡುವ ಅಂದ್ರೆ, ಆರು ದಿನದ ಹಿಂದೆಯಷ್ಟೇ ಲಸಿಕೆ ಹಾಕಿದ್ದರಿಂದ ಕಾಯಿಲೆ ಇಲ್ಲದಿದ್ರೂ ಉಂಟು ಅಂತ ಎರಡು ಗೆರೆ ತೋರಿಸ್ಲೂಬಹುದು. ಹುಳದ ಉಪದ್ರ ಇರಬೇಕು, ಮತ್ತೆ ಆಹಾರ ಬದಲಾದದ್ದು. ಮದ್ದು ಕೊಡ್ತೇನೆ. ನಾಳೆ ಬೆಳಿಗ್ಗೆ ತನ್ನಿ.”

ಲೋಲಾಕ್ಷಿಯ ಹೆಗಲು ಇಳಿಯಿತು. ತೃಷಾ ಮರಿಯ ಕಿವಿಯಲ್ಲಿ, “ಕೇಳ್ತಾ? ಹುಳ ಅಂತೆ, ಕೊಳಕ,” ಎಂದಳು.

ಕೇಸಿನ ಕಾಗದಕ್ಕೆ ಲಸಿಕೆಯ ಬ್ಯಾಚ್ ನಂಬರ್ ಬರೆದುಕೊಳ್ಳುವುದು ರಾಫಿಯಾಳ ಕೆಲಸ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡನೆಯ ಸ್ಟಿಕ್ಕರಿನ ಮೇಲಿನ ಮೂಲೆಯಲ್ಲಿ, ಅಚ್ಚಾದ ಅಕ್ಷರಗಳಿಗಿಂತ ತೆಳುವಾಗಿ, ಪೆನ್ಸಿಲಿನಲ್ಲಿ 43 ಎಂದು ಬರೆದಿತ್ತು.

ನಾಲ್ಕರ ಬಾಲ ಕೆಳಗೆ ಉದ್ದ ಎಳೆದಿತ್ತು. ಅದು ಅವಳದೇ ಕೈಬರಹ.

ಈ ಸ್ಟಿಕ್ಕರುಗಳು ಲಸಿಕೆಯ ಸೀಸೆಗೆ ಅಂಟಿಕೊಂಡು ಬರುತ್ತವೆ. ಇಂಜೆಕ್ಷನ್ ಆದ ಮೇಲೆ ಸುಲಿದು ಆ ನಾಯಿಯ ಪುಸ್ತಕಕ್ಕೆ ಅಂಟಿಸಬೇಕು. ಆದರೆ ಅರ್ಧಕ್ಕರ್ಧ ಜನ ಪುಸ್ತಕ ಮರೆತೇ ಬರುತ್ತಾರೆ. “ಮುಂದಿನ ಸಲ ತರ್ತೇವೆ ಮಾರಾಯ್ರೆ,” ಎನ್ನುತ್ತಾರೆ, ಆ ಮುಂದಿನ ಸಲ ಮುಂದಿನ ವರ್ಷ. ಬಿಸಾಡಲು ಮನಸ್ಸಾಗದೆ ರಾಫಿಯಾ ಅವನ್ನು ಕಬ್ಬಿಣದ ಕಪಾಟಿನ ಒಳಬಾಗಿಲಿಗೆ ಸಾಲಾಗಿ ಅಂಟಿಸಿ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಂಬರು ಹಾಕಿ, ಅದೇ ನಂಬರಿನ ಎದುರು ತನ್ನದೊಂದು ನೋಟುಪುಸ್ತಕದಲ್ಲಿ ನಾಯಿಯ ಯಜಮಾನರ ಹೆಸರು ಬರೆದಿಡುತ್ತಿದ್ದಳು.

ಎರಡು ತಿಂಗಳ ಹಿಂದೆ ಆ ಸಾಲಿನಿಂದ ಹತ್ತೊಂಬತ್ತನ್ನು ಅವಳೇ ಕಿತ್ತು ಕೊಟ್ಟಿದ್ದಳು. ವಸಂತನ ಕೈಗೆ. ಉಜಿರೆ ಕಡೆಯ ವಸಂತ ಆಗಾಗ ಯಾರ್ಯಾರದೋ ನಾಯಿ ಹಿಡಿದುಕೊಂಡು ಬರುವವನು. ದೊಡ್ಡ ನಾಯಿಗಳನ್ನು ಮೇಜಿಗೆ ಎತ್ತಲು ಕೈ ಜೋಡಿಸುವವನು, ಫ್ಯಾನು ಕಿರುಗುಟ್ಟಿದರೆ ಕುರ್ಚಿ ಹತ್ತುವವನು. ಆ ದಿನ ಕಪಾಟಿನ ಬಾಗಿಲನ್ನೂ ಹೆಸರಿನ ಪುಸ್ತಕವನ್ನೂ ನೋಡಿ, “ಇದೆಲ್ಲ ನಮ್ಮ ಬೆಳ್ತಂಗಡಿ ಲೈನಿನವರದ್ದೇ ಅಲ್ವಾ ರಾಫಿಯಕ್ಕ? ನಾನು ಆ ದಾರಿಯಲ್ಲೇ ಹೋಗುವುದು. ಕೊಡಿ, ಮನೆಮನೆಗೆ ಕೊಟ್ಟು ಅಂಟಿಸಿ ಬಿಡ್ತೇನೆ,” ಅಂದಿದ್ದ. ಆ ದಾರಿಯಲ್ಲಿ ಹೋಗುವವರ ಕೈಯಲ್ಲಿ ಕೊಡುವುದು. ಇಲ್ಲಿ ಎಲ್ಲರೂ ಎಲ್ಲವನ್ನೂ ಮಾಡುವುದು ಹಾಗೆಯೇ. ಅವಳು ಹೆಸರುಗಳ ಪಟ್ಟಿಯ ಜೊತೆ ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದಳು. ಧನ್ಯವಾದ ಕೂಡ ಹೇಳಿದ್ದಳು.

ರಾಫಿಯಾ ಪುಸ್ತಕ ಮುಚ್ಚಿ ಲೋಲಾಕ್ಷಿಗೆ ಹಿಂತಿರುಗಿಸಿದಳು. ಹಿಂದಿನ ನಲ್ಲಿಯ ಬಳಿಗೆ ಹೋಗಿ ಕೈಗವಸು ಕಳಚಿದಳು. ನಾಯಿಯ ಜೊಲ್ಲು ತಾಗಿದ್ದನ್ನು ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಹಚ್ಚಿ ಎಂಬುದು ಅವರ ಮತದ ನಿಯಮ. ಅದಕ್ಕೆಂದೇ ಜರಡಿ ಹಿಡಿದ ಮಣ್ಣನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಅತ್ತೆ ಜೈನಬಮ್ಮ ಅವಳನ್ನು ಕೆಲಸಕ್ಕೆ ಬಿಡುವಾಗ ಹಾಕಿದ ಷರತ್ತು ಅದೊಂದೇ. ಆ ದಿನ ಎಷ್ಟನೆಯ ಸಲ ಎಂದು ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ತೊಳೆದಳು. ಕೈ ತೊಳೆಯುತ್ತಿರುವಷ್ಟು ಹೊತ್ತು ಒಳಗೆ ಹೋಗಿ ಏನೂ ಹೇಳಬೇಕಾಗಿರಲಿಲ್ಲ. ಮರಳಿ ಬಂದಾಗ ತಾಯಿ ಮಗಳು ಬಸ್ಸಿಗೆ ಹೋಗಿಯಾಗಿತ್ತು.

ಅವಳು ವಸಂತನಿಗೆ ಫೋನು ಮಾಡಿದಳು.

“ಓ, ರಾಫಿಯಕ್ಕ! ಊಟ ಆಯ್ತಾ?”

“ವಸಂತಣ್ಣ, ಸಿದ್ಧಕಟ್ಟೆಗೆ ಒಂದು ಮರಿ ಕಳಿಸಿದ್ದೀರಾ ನೀವು? ಅದರ ಪುಸ್ತಕದಲ್ಲಿ ನಾನು ಕೊಟ್ಟ ಸ್ಟಿಕ್ಕರ್ ಉಂಟು.”

ಅತ್ತಲಿಂದ ನಗು. “ಅಯ್ಯೋ, ಅದಾ? ಮರಿಗೆ ಇಂಜೆಕ್ಷನ್ ಆಗಿದೆ ಅಕ್ಕ, ಗ್ಯಾರಂಟಿ. ಇಲ್ಲಿ ನಮ್ಮ ಪರಿಚಯದವರು ಹಾಕಿದ್ದು. ಸ್ಟಿಕ್ಕರ್ ಎಲ್ಲಿಯೋ ಬಿದ್ದುಹೋಯ್ತು. ಖಾಲಿ ಪುಸ್ತಕ ಕೊಟ್ಟರೆ ಜನಕ್ಕೆ ಸಮಾಧಾನ ಆಗುದಿಲ್ಲ, ಹಾಗೆ ಚಂದಕ್ಕೆ ಒಂದು ಅಂಟಿಸಿದೆ.”

“ತಾಯಿಯನ್ನು ನೋಡ್ಲಿಕ್ಕೆ ನಾನು ಬರಬಹುದಾ?”

“ತಾಯಿ ಕಚ್ತದೆ ಅಕ್ಕ. ಮರಿ ಹೋದ ಬೇಜಾರು ಅದಕ್ಕೆ.” ಅವನ ದನಿ ಇನ್ನಷ್ಟು ಮೃದುವಾಯಿತು. “ಮತ್ತೆ, ಇದನ್ನೆಲ್ಲ ಡಾಕ್ಟ್ರ ಕಿವಿಗೆ ಹಾಕಬೇಡಿ. ನನಗೆ ಎಂತ, ನಾನು ಆಸ್ಪತ್ರೆಯವನಲ್ಲ. ಕಪಾಟಿನಿಂದ ತೆಗೆದು ಕೊಟ್ಟದ್ದು ಯಾರು ಅಂತ ಮೊದಲು ಕೇಳ್ತಾರೆ. ನಿಮಗೆ ತೊಂದರೆ ಆಗುದು ನನಗೆ ಬೇಡ.”

ರಾಫಿಯಾ ಫೋನು ಇಟ್ಟಳು. ಇಂಜೆಕ್ಷನ್ ಆಗಿದೆ ಎಂದಿದ್ದಾನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಗಿರಬಹುದು. ಹುಳವೇ ಇರಬಹುದು. ಡಾಕ್ಟರೂ ಹುಳ ಎಂದೇ ಹೇಳಿದ್ದಾರೆ. ಮಧ್ಯಾಹ್ನದಿಂದ ಸಂಜೆ ಐದರವರೆಗೆ ಡಾಕ್ಟರು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತಿದ್ದರು. ಮೂರು ಸಲ ಅವಳು ಎದ್ದು ಅವರ ಮೇಜಿನ ತನಕ ಹೋದಳು. ಮೂರು ಸಲವೂ ಬೇರೆ ಏನೋ ಕೇಳಿ ಹಿಂತಿರುಗಿದಳು.

ಮನೆಯಲ್ಲಿ ಜೈನಬಮ್ಮ ಮೀನಿಗೆ ಮಸಾಲೆ ಹಚ್ಚುತ್ತಿದ್ದರು. ಅವಳ ಮುಖ ನೋಡಿ, “ಇವತ್ತು ಯಾವ ನಾಯಿ ಸತ್ತಿತು?” ಎಂದರು.

“ಸತ್ತಿಲ್ಲ ಉಮ್ಮ.”

“ಮತ್ತೆ ಎಂತದು ಹಾಗೆ? ನೀನು ಬಸ್ಸಿಳಿದು ಬರುವ ನಡಿಗೆಯಲ್ಲೇ ನನಗೆ ಗೊತ್ತಾಗ್ತದೆ. ಸತ್ತರೆ ಒಂದು ನಡಿಗೆ, ಬದುಕಿದರೆ ಒಂದು ನಡಿಗೆ.”

“ಇದು ಯಾವ ನಡಿಗೆ?”

“ಇದು ನನಗೆ ಹೊಸತು,” ಎಂದರು ಜೈನಬಮ್ಮ, ಅವಳನ್ನೇ ನೋಡುತ್ತ.

ರಾಫಿಯಾ ಮೀನಿನ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ಒಲೆಯ ಬಳಿಗೆ ಹೋದಳು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯ ಶಟರು ಎತ್ತುವ ಮೊದಲೇ ಲೋಲಾಕ್ಷಿ ಮೆಟ್ಟಿಲ ಮೇಲೆ ಕುಳಿತಿದ್ದರು. ಮೊದಲ ಬಸ್ಸಿಗೆ ಹೊರಟಿರಬೇಕು. ಬುಟ್ಟಿಯಲ್ಲಿ ಹರಡಿದ್ದ ಶಾಲು ಕಂದು ಕೆಂಪಾಗಿತ್ತು. ವಾಸನೆ ಮೆಟ್ಟಿಲಿನ ಕೆಳಗೇ ರಾಫಿಯಾಳನ್ನು ತಾಗಿತು. ಕಬ್ಬಿಣದಂತೆ, ಕೊಳೆತ ಸಿಹಿಯಂತೆ. ಆರು ವರ್ಷಗಳಲ್ಲಿ ಅವಳು ಕಲಿತಿದ್ದ ವಾಸನೆ ಅದು. ಹುಳಕ್ಕೆ ಈ ವಾಸನೆ ಇರುವುದಿಲ್ಲ.

“ಎಲ್ಲ ಮದ್ದು ಕೊಟ್ಟಿದ್ದೇನೆ,” ಎಂದರು ಲೋಲಾಕ್ಷಿ, ತಪ್ಪು ತನ್ನದೇ ಎಂಬಂತೆ. “ಒಂದು ಸಲವೂ ಬಿಡ್ಲಿಲ್ಲ. ಕೊಟ್ಟದ್ದೆಲ್ಲ ಹೊರಗೆ ಬಂತು. ಮಗಳನ್ನು ಶಾಲೆಗೆ ಕಳಿಸಿದೆ, ಅವಳು ನೋಡುದು ಬೇಡ ಅಂತ.”

ಡಾಕ್ಟರ್ ಪ್ರಾಪ್ತಿ ಸ್ಕೂಟರ್ ನಿಲ್ಲಿಸಿ ಒಳಗೆ ಬರುತ್ತಿದ್ದಂತೆ ರಾಫಿಯಾ ಅವರ ಎದುರು ನಿಂತಳು. ರಾತ್ರಿಯಿಡೀ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ.

“ಡಾಕ್ಟ್ರೇ, ಆ ಪುಸ್ತಕ ಸುಳ್ಳು. ಮರಿಗೆ ಲಸಿಕೆ ಆಗಿಲ್ಲ. ಅದರ ಮೇಲಿರುವ ಸ್ಟಿಕ್ಕರ್ ನಮ್ಮ ಕಪಾಟಿನದ್ದು. ನಾನು ವಸಂತನಿಗೆ ಕೊಟ್ಟದ್ದು.”

ಡಾಕ್ಟರು ಹೆಲ್ಮೆಟ್ ಕೈಯಲ್ಲೇ ಹಿಡಿದು ನಿಂತರು. “ಯಾವಾಗ ಗೊತ್ತಾದದ್ದು?”

“ನಿನ್ನೆ.”

“ನಿನ್ನೆ ಎಷ್ಟು ಹೊತ್ತಿಗೆ?”

“ಅವರು ಇಲ್ಲಿ ಇರುವಾಗಲೇ.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಟೆಸ್ಟ್ ಕಿಟ್ ತೆಗೀರಿ,” ಎಂದಷ್ಟೇ ಹೇಳಿ ಒಳಗೆ ಹೋದರು.

ಎರಡು ಗೆರೆ ಮೂಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಡಾಕ್ಟರು ಮರಿಯ ಬಾಯಿ ತೆರೆದು ಹಲ್ಲು ನೋಡಿದರು. ನಿನ್ನೆ ನೋಡದೆ ಬಿಟ್ಟಿದ್ದೆ ಎಂದು ತಮ್ಮಷ್ಟಕ್ಕೇ ಗೊಣಗಿದರು. ಎರಡು ತಿಂಗಳ ಮರಿಯ ಬಾಯಿ ಅದಾಗಿರಲಿಲ್ಲ. ಹೆಚ್ಚೆಂದರೆ ಮೂವತ್ತೈದು ದಿನ. ತಾಯಿಯ ಹಾಲು ಬಿಡುವ ಮೊದಲೇ ಕಿತ್ತು ಪೆಟ್ಟಿಗೆಗೆ ಹಾಕಿದ್ದ ಮರಿ. ಒಸಡು ಕಾಗದದಷ್ಟು ಬಿಳಿಚಿತ್ತು.

“ಲೋಲಾಕ್ಷಿಯವರೇ, ಇದು ಪಾರ್ವೊ. ಪುಸ್ತಕದಲ್ಲಿ ಬರೆದದ್ದು ನಿಜ ಅಲ್ಲ. ನಿನ್ನೆಯೇ ಡ್ರಿಪ್ ಹಾಕಬೇಕಿತ್ತು,” ಎಂದರು ಡಾಕ್ಟರು. ರಾಫಿಯಾಳ ಕಡೆ ಒಮ್ಮೆ ನೋಡಿದರು. ಉಳಿದದ್ದನ್ನು ಹೇಳಬೇಕಾದವಳು ನೀನು ಎಂಬ ನೋಟ ಅದು. ರಾಫಿಯಾ ಮರಿಯ ಮುಂಗಾಲಿನ ಕೂದಲು ಬೋಳಿಸುತ್ತ ತಲೆ ತಗ್ಗಿಸಿದಳು.

ಮೂರನೆಯ ಪ್ರಯತ್ನಕ್ಕೆ ಸೂಜಿ ನರಕ್ಕೆ ಹೋಯಿತು. ವಾಂತಿ ನಿಲ್ಲಿಸಲು ಒಂದು ಇಂಜೆಕ್ಷನ್, ಮತ್ತೊಂದು, ಸಣ್ಣಗೆ ತೊಟ್ಟಿಕ್ಕುವ ಗ್ಲುಕೋಸು. ಹನ್ನೊಂದು ಗಂಟೆಯ ಹೊತ್ತಿಗೆ ಡಾಕ್ಟರು ಒಸಡನ್ನು ಮತ್ತೆ ಒತ್ತಿ ನೋಡಿ, “ರಕ್ತವೇ ಇಲ್ಲ ಇದರಲ್ಲಿ. ರಕ್ತ ಕೊಡದೆ ಆಗ್ಲಿಕ್ಕಿಲ್ಲ. ದೊಡ್ಡ ನಾಯಿ ಬೇಕು, ಸರಿಯಾಗಿ ಲಸಿಕೆ ಆದದ್ದು. ಯಾರದ್ದುಂಟು?” ಎಂದರು.

ರಾಫಿಯಾ ನಂಬರಿನ ಪುಸ್ತಕ ತೆರೆದಳು. ವಸಂತನಿಗೆ ಕೊಟ್ಟ ಸ್ಟಿಕ್ಕರುಗಳ ನಿಜವಾದ ನಾಯಿಗಳು ಅಲ್ಲಿದ್ದವು. ಲಸಿಕೆ ಆದದ್ದು ಅವಕ್ಕೆ, ಕಣ್ಣಾರೆ ನೋಡಿದ್ದಳು. ಮೊದಲನೆಯವರು ಫೋನು ಎತ್ತಲಿಲ್ಲ. ಎರಡನೆಯವರು, “ನಮ್ಮ ನಾಯಿಯ ರಕ್ತ ತೆಗೀಲಿಕ್ಕಾ? ನಿಮಗೆ ತಲೆ ಸರಿ ಉಂಟಾ?” ಎಂದು ಇಟ್ಟುಬಿಟ್ಟರು. ಮೂರನೆಯವರ ನಾಯಿ ಗಬ್ಬವಾಗಿತ್ತು. ನಲವತ್ತಮೂರರ ಎದುರು ಪುಂಜಾಲಕಟ್ಟೆಯ ಜತ್ತಪ್ಪನ ಹೆಸರಿತ್ತು.

“ಯಾವ ಮರಿಗೆ?” ಎಂದರು ಜತ್ತಪ್ಪ. ಹಿಂದಿನಿಂದ ಹುಲ್ಲು ಕತ್ತರಿಸುವ ಯಂತ್ರದ ಸದ್ದು.

“ನಿಮ್ಮ ನಾಯಿಯ ಸ್ಟಿಕ್ಕರ್ ಅಂಟಿಸಿದ ಮರಿಗೆ, ಜತ್ತಪ್ಪಣ್ಣ.” ಅವಳು ಎಲ್ಲವನ್ನೂ ಹೇಳಿದಳು. ಯಂತ್ರದ ಸದ್ದು ನಿಂತಿತು.

“ಅಲ್ಲ ಮಾರಾಯ್ತಿ, ನಾನು ಎರಡು ತಿಂಗಳಿಂದ ಪುಸ್ತಕ ಹಿಡ್ಕೊಂಡು ಬರುವ ಬರುವ ಅಂತ ಇದ್ದೇನೆ, ನೀನು ಅದನ್ನು ಕಳ್ಳನ ಕೈಗೆ ಕೊಟ್ಟು ಕೂತಿದ್ದೀಯಾ? ಓದಿದವಳಲ್ವಾ ನೀನು?”

“ತಪ್ಪಾಯ್ತು.”

“ತಪ್ಪಾಯ್ತು ಅಂದ್ರೆ ರಕ್ತ ಬರ್ತದಾ?” ಎಂದು ಗದರಿಸಿ ಫೋನು ಇಟ್ಟರು.

ಒಂದು ಗಂಟೆಯ ಬಳಿಕ ಅವರ ಪಿಕಪ್ ಆಸ್ಪತ್ರೆಯ ಎದುರು ನಿಂತಿತು. ಹಿಂದೆ ಹುಲ್ಲಿನ ಕಟ್ಟುಗಳ ನಡುವೆ ಅವರ ಕರಿಯ ನಾಯಿ, ಮದುವೆಗೆ ಹೊರಟವರಂತೆ ಗತ್ತಿನಿಂದ ಕುಳಿತಿತ್ತು. ಕಾಯಿಲೆ ದಾಟಿಸಬಾರದೆಂದು ಡಾಕ್ಟರು ಪಿಕಪ್ಪಿನಲ್ಲೇ ಅದರ ಕುತ್ತಿಗೆಯಿಂದ ರಕ್ತ ತೆಗೆದರು. ನಾಯಿ ಅಲುಗಲಿಲ್ಲ. ಜತ್ತಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದರು.

“ಆ ವಸಂತನಲ್ಲಿಗೆ ನಾನು ಒಮ್ಮೆ ಹೋಗಿದ್ದೆ,” ಎಂದರು. “ರಬ್ಬರ್ ಶೀಟಿಗೆ ಹೊಗೆ ಕೊಡುವ ಹಳೇ ಗೂಡು ಉಂಟು ಅವನಲ್ಲಿ. ಕಿಟಕಿ ಇಲ್ಲ, ಒಳಗೆಲ್ಲ ಮಸಿ. ಅದರಲ್ಲಿ ಐದು ಹೆಣ್ಣು ನಾಯಿ ಕಟ್ಟಿದ್ದಾನೆ. ವರ್ಷಕ್ಕೆ ಎರಡು ಸಲ ಮರಿ ಹಾಕಿಸುವುದು. ಒಂದರ ಮೊಲೆ ನೆಲಕ್ಕೆ ತಾಗ್ತಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ನೋಡ್ಲಿಕ್ಕೆ ಆಗದೆ ಬಂದೆ.”

“ಯಾರಿಗೂ ಹೇಳ್ಲಿಲ್ವಾ ಅಣ್ಣ?”

“ಯಾರು ಕೇಳಿದ್ರು ನನ್ನಲ್ಲಿ?” ಎಂದರು. ನಾಯಿಯ ಕಿವಿ ಸವರಿ, “ಹೇಳಬೇಕಿತ್ತು,” ಎಂದರು.

ಐವತ್ತು ಎಂ.ಎಲ್. ರಕ್ತ. ಬೆಲ್ಲನ ಮೈಗೆ ಅದು ಹನಿಹನಿಯಾಗಿ ಇಳಿಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಲೋಲಾಕ್ಷಿ ಸ್ಟೂಲಿನ ಮೇಲೆ ಕುಳಿತು ಮರಿಯ ಹಿಂಗಾಲನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. ನಾಲ್ಕು ಗಂಟೆಗೆ ಮರಿ ಕಣ್ಣು ತೆರೆದು ಅವರನ್ನು ನೋಡಿತು. ಬಾಲದ ತುದಿ ಒಂದು ಸಲ, ಒಂದೇ ಸಲ, ಬಟ್ಟೆಯ ಮೇಲೆ ಬಡಿಯಿತು.

“ನೋಡಿದ್ರಾ? ನೋಡಿದ್ರಾ ನೀವು?” ಎಂದು ಲೋಲಾಕ್ಷಿ ರಾಫಿಯಾಳ ಮುಂಗೈ ಹಿಡಿದರು. “ನಿಮ್ಮ ಪುಣ್ಯ, ಅಷ್ಟು ದೂರದಿಂದ ನಾಯಿ ತರಿಸಿದ್ರಿ.”

ಈಗ ಹೇಳಬೇಕು ಎಂದುಕೊಂಡಳು ರಾಫಿಯಾ. ಲೋಲಾಕ್ಷಿ ಆಗಲೇ ಫೋನಿನಲ್ಲಿ ಮಗಳಿಗೆ, “ಬಾಲ ಅಲ್ಲಾಡಿಸಿತು ಮಗಾ,” ಎನ್ನುತ್ತಿದ್ದರು. ರಾಫಿಯಾ ಬಾಯಿ ಬಿಡದೆ ಉಳಿದದ್ದು ಅದು ಎರಡನೆಯ ದಿನ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮರಿ ಸತ್ತಿತು. ಡಾಕ್ಟರ ಕೈ ಅದರ ಎದೆಯ ಮೇಲಿತ್ತು. ಲೋಲಾಕ್ಷಿ ಬಸ್ಸಿನಿಂದ ಇಳಿದು ಬಂದದ್ದು ಹತ್ತು ನಿಮಿಷ ತಡವಾಗಿ. ಕೈಯಲ್ಲಿ ಒಂದು ಸಣ್ಣ ಫ್ಲಾಸ್ಕ್ ಇತ್ತು. ಬಾಲ ಅಲ್ಲಾಡಿಸಿದ ಮರಿಗೆ ಗಂಜಿಯ ತಿಳಿ ತಂದಿದ್ದರು.

ಅವರು ಅಳಲಿಲ್ಲ. ಮರಿಯ ಕಿವಿಯನ್ನು ನೇರ ಮಾಡಿದರು. ಅದು ಮತ್ತೆ ಮಡಚಿಕೊಂಡಿತು, ಮತ್ತೆ ನೇರ ಮಾಡಿದರು. “ಇನ್ನೂ ಸ್ವಲ್ಪ ಮೊದಲು ಗೊತ್ತಾಗಿದ್ದರೆ…” ಎಂದರು, ಯಾರನ್ನೂ ಉದ್ದೇಶಿಸದೆ.

“ಗೊತ್ತಿತ್ತು,” ಎಂದಳು ರಾಫಿಯಾ.

ಲೋಲಾಕ್ಷಿ ತಿರುಗಿ ನೋಡಿದರು.

“ನನಗೆ ಗೊತ್ತಿತ್ತು ಅಕ್ಕ. ಸೋಮವಾರವೇ. ಆ ಸ್ಟಿಕ್ಕರ್ ನಾನು ವಸಂತನ ಕೈಗೆ ಕೊಟ್ಟದ್ದು, ಯಾರ್ಯಾರದೋ ಮನೆಗೆ ತಲುಪಿಸ್ಲಿಕ್ಕೆ. ನಿಮ್ಮ ಪುಸ್ತಕದಲ್ಲಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಕೆಲಸ ಹೋಗ್ತದೆ ಅಂತ ಹೆದರಿ ಬಾಯಿ ಬಿಡ್ಲಿಲ್ಲ. ಮರುದಿನ ಡಾಕ್ಟ್ರಿಗೆ ಹೇಳಿದೆ. ಒಂದು ದಿನ ತಡ ಆಯ್ತು.”

“ನಾನು ಈ ಬೆಂಚಿನಲ್ಲಿ ಕೂತಿದ್ದೆ,” ಎಂದರು ಲೋಲಾಕ್ಷಿ ನಿಧಾನವಾಗಿ. “ನೀವು ಅಲ್ಲಿ ಕೈ ತೊಳೀತಾ ಇದ್ರಿ.”

“ಹೌದು.”

“ನಿನ್ನೆ ನಾನು ನಿಮ್ಮ ಕೈ ಹಿಡಿದು ಪುಣ್ಯ ಅಂತ ಹೇಳುವಾಗಲೂ?”

“ಹೌದು ಅಕ್ಕ.”

ಲೋಲಾಕ್ಷಿ ಫ್ಲಾಸ್ಕನ್ನು ಚೀಲಕ್ಕೆ ಹಾಕಿದರು. “ಸಂಜೆ ನನ್ನ ಮಗಳಿಗೆ ನೀವೇ ಹೇಳಬೇಕು. ನಾನು ಹೇಳುದಿಲ್ಲ. ನೀವು ಮನೆಗೆ ಬಂದು, ಅವಳ ಮುಖ ನೋಡಿ ಹೇಳಬೇಕು.”

“ಬರ್ತೇನೆ.”

ರಾಫಿಯಾ ಹೊರಗಿನ ಕೋಣೆಗೆ ಬಂದು ಕುಳಿತಳು. ಇನ್ನೂ ಹದಿನೆಂಟು ಸ್ಟಿಕ್ಕರುಗಳಿದ್ದವು. ಬೆಲ್ಲನ ಪುಸ್ತಕದ ಮೊದಲನೆಯದೂ ಅವಳು ಕೊಟ್ಟದ್ದೇ ಆಗಿದ್ದರೆ ಹದಿನೇಳು. ಒಂದೊಂದು ಮರಿಗೆ ಎರಡೆಂದರೂ ಎಂಟೊಂಬತ್ತು ಮನೆ. ಎಲ್ಲೋ ಎಂಟೊಂಬತ್ತು ಮನೆಯವರು ಪುಸ್ತಕವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನವಾಗಿಟ್ಟು ನಿಶ್ಚಿಂತೆಯಿಂದ ಇದ್ದಾರೆ. ಯಾರವರು? ವಸಂತನಿಗೆ ಫೋನು ಮಾಡಿದಳು. ಅವನು ಅವಳ ನಂಬರನ್ನು ಬ್ಲಾಕ್ ಮಾಡಿದ್ದ. ಆಸ್ಪತ್ರೆಯ ಫೋನಿನಿಂದ ಮಾಡಿದಳು. ದನಿ ಕೇಳಿದೊಡನೆ ಕಡಿದ. ಅವಳು ಮೇಜಿನ ಮೇಲೆ ತಲೆಯಿಟ್ಟಳು.

“ಎಂತ ಹುಡುಕ್ತಿದ್ದೀರಿ?”

ಲೋಲಾಕ್ಷಿ ಬಾಗಿಲಲ್ಲಿ ನಿಂತಿದ್ದರು. ಬುಟ್ಟಿಯ ಮೇಲೆ ಶಾಲು ಪೂರ್ತಿ ಮುಚ್ಚಿತ್ತು.

“ಅವನು ಮರಿ ಮಾರಿದವರನ್ನು. ಅವರಿಗೆ ತಿಳಿಸಬೇಕು. ಹೆಸರಿಲ್ಲ, ನಂಬರಿಲ್ಲ.”

ಲೋಲಾಕ್ಷಿ ಬುಟ್ಟಿಯನ್ನು ಕೆಳಗಿಟ್ಟು ಫೋನು ತೆಗೆದರು. “ಅವ ವಾಟ್ಸಾಪಿನಲ್ಲಿ ದಿನಾ ಸ್ಟೇಟಸ್ ಹಾಕ್ತಾನೆ, ಹಳೇ ಫೋಟೋಗಳನ್ನೂ ಸೇರಿಸಿ. ಮರಿ ತಗೊಂಡವರು ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಹಿಡಿದುಕೊಂಡ ಫೋಟೋ. ನಂದೂ ಹಾಕಿದ್ದ. ಬೇರೆಯವರದ್ದು ನೋಡಿಯೇ ನನಗೆ ಧೈರ್ಯ ಬಂದದ್ದು, ಇಷ್ಟು ಜನ ತಗೊಂಡಿದ್ದಾರಲ್ಲ ಅಂತ.” ಬೆರಳಿನಿಂದ ಒಂದೊಂದೇ ಸರಿಸಿದರು. ಬೆಳ್ತಂಗಡಿಯಲ್ಲಿ ನಗುತ್ತಿರುವ ಗಂಡ ಹೆಂಡತಿ. ಅಜ್ಜನ ಜೊತೆ ಒಬ್ಬಳು ಮೊಮ್ಮಗಳು. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ನೀಲಿ ಸೀರೆಯ ಹೆಂಗಸು. ಬೆರಳು ನಿಂತಿತು.

“ಇವರು ಗ್ರೆಟ್ಟಾ ಟೀಚರ್. ತೃಷಾಳಿಗೆ ನಾಲ್ಕನೇ ಕ್ಲಾಸಿನಲ್ಲಿ ಇದ್ದವರು. ಇವರ ನಂಬರ್ ನನ್ನ ಹತ್ತಿರ ಉಂಟು.”

ಫೋಟೋದ ಮೇಲೆ ನಿನ್ನೆಯ ತಾರೀಕಿತ್ತು. ಲೋಲಾಕ್ಷಿ ಆಗಲೇ ಕರೆ ಮಾಡಿದ್ದರು. ಸ್ಪೀಕರಿಗೆ ಹಾಕಿದರು.

“ಟೀಚರ್, ನಾನು ತೃಷಾನ ಅಮ್ಮ, ಸಿದ್ಧಕಟ್ಟೆ. ನೀವು ತಗೊಂಡ ಮರಿ ಹೇಗುಂಟು?”

“ಓ ಲೋಲಾಕ್ಷಿ! ನಿಮಗೆ ಹೇಗೆ ಗೊತ್ತಾಯ್ತು?” ಆ ಕಡೆಯ ದನಿ ನಕ್ಕಿತು. “ಭಾರಿ ಪೋಕ್ರಿ ಮಾರಾಯ್ರೆ. ನಿನ್ನೆ ನನ್ನ ಚಪ್ಪಲಿ ಕಚ್ಚಿ ತುಂಡು. ಇವತ್ತು ಮಾತ್ರ ಸ್ವಲ್ಪ ಸುಸ್ತು. ಈಗಷ್ಟೇ ಒಮ್ಮೆ ವಾಂತಿ ಮಾಡಿತು. ಬಸ್ಸಿನಲ್ಲಿ ಬಂದದ್ದಲ್ವಾ, ಅದಕ್ಕೇ ಇರಬೇಕು. ಇಂಜೆಕ್ಷನ್ ಎಲ್ಲ ಆಗಿದೆ, ಹೆದರಿಕೆ ಇಲ್ಲ.”

ಲೋಲಾಕ್ಷಿ ಫೋನನ್ನು ರಾಫಿಯಾಳ ಬಾಯಿಯ ಹತ್ತಿರ ಹಿಡಿದರು.

“ಟೀಚರ್, ನಾನು ಬಿ.ಸಿ.ರೋಡಿನ ನಾಯಿ ಆಸ್ಪತ್ರೆಯಿಂದ ರಾಫಿಯಾ. ಆ ಪುಸ್ತಕ ನಂಬಬೇಡಿ. ಅದರಲ್ಲಿರುವ ಸ್ಟಿಕ್ಕರ್ ಬೇರೆ ನಾಯಿಗಳದ್ದು. ನನ್ನ ಕೈಯಿಂದ ಹೋದದ್ದು. ನಿಮ್ಮ ಮರಿಗೆ ಇಂಜೆಕ್ಷನ್ ಆಗಿಲ್ಲ.”

“ಎಂತದು? ಯಾರು ನೀವು?”

“ರಾಫಿಯಾ. ಬೈಯುವುದಿದ್ದರೆ ಬಂದು ಬೈಯಿರಿ ಟೀಚರ್. ಈಗ ಬಸ್ಸಿಗೆ ಕಾಯಬೇಡಿ, ಕಾರು ಮಾಡಿ ಹೊರಡಿ. ನೀರು ಕುಡಿಸಬೇಡಿ. ಬೇರೆ ನಾಯಿಯ ಹತ್ತಿರ ಬಿಡಬೇಡಿ.”

ಅತ್ತಲಿಂದ ಯಾರನ್ನೋ ಕೂಗಿ ಕಾರಿನ ಬೀಗದ ಕೈ ಎಲ್ಲಿ ಎಂದು ಕೇಳುವ ದನಿ.

ಡಾಕ್ಟರ್ ಪ್ರಾಪ್ತಿ ಒಳಗಿನಿಂದ ಬಂದು ನಿಂತಿದ್ದರು. “ತೂಕ ಎಷ್ಟುಂಟು ಕೇಳಿ,” ಎಂದರು. “ಡ್ರಿಪ್ ತಯಾರು ಮಾಡಿಡುವ.”

“ಟೀಚರ್, ಮರಿಯ ತೂಕ ಎಷ್ಟಿರಬಹುದು?”

“ನನಗೆ ಹೇಗೆ ಗೊತ್ತು? ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು.”

“ಸರಿ. ಹೊರಡಿ,” ಎಂದಳು ರಾಫಿಯಾ. ಲೋಲಾಕ್ಷಿ ಫೋನನ್ನು ಹಿಂದೆ ತೆಗೆದುಕೊಂಡು, ಅವಳ ಮುಖ ನೋಡದೆ, ಮುಂದಿನ ಫೋಟೋಕ್ಕೆ ಬೆರಳು ಸರಿಸಿದರು.